ಪರದೇಶದಲ್ಲಿ ರೈಲು ಪಾಸ್ ಕೊಳ್ಳುವುದೋ, ಬಿಡಿ ಟಿಕೆಟ್ ಕೊಳ್ಳುವುದೋ?

ಹಾಸನದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಬರುವ ಮೇ ತಿಂಗಳಲ್ಲಿ ನಮ್ಮ ಮನೆಯ ನಾಲ್ವರು ಯೂರೋಪಿಗೆ ಹೋಗಿಬರಬೇಕೆಂದು ಗೊತ್ತುಮಾಡಿಕೊಂಡಿದ್ದೇವೆ. ನನಗೆ 61, ನನ್ನ ಹೆಂಡತಿಗೆ 56, ಮಗನಿಗೆ 24 ವರ್ಷ. ಜೊತೆಗೆ 78 ವರ್ಷದ ನನ್ನ ತಾಯಿಯವರೂ ಬರುತ್ತಾರೆ. ತಾಯಿಯವರಿಗೆ ಮಂಡಿ ನೋವಿದೆ, ಆದರೆ ನಿಧಾನವಾಗಿ ನಡೆಯುತ್ತಾರೆ. ಒಟ್ಟು 17 ರಾತ್ರಿಗಳ ಪ್ರವಾಸ: ಪ್ಯಾರಿಸ್‌ನಲ್ಲಿ ನಾಲ್ಕು, ಸ್ವಿಟ್ಜರ್ಲೆಂಡಿನ ಲೂಸರ್ನ್‌ನಲ್ಲಿ ಮೂರು, ಇಂಟರ್‌ಲಾಕೆನ್‌ನಲ್ಲಿ ಮೂರು, ಇಟಲಿಯ ವೆನಿಸ್‌ನಲ್ಲಿ ಎರಡು, ಫ್ಲಾರೆನ್ಸ್‌ನಲ್ಲಿ ಎರಡು, ಕೊನೆಗೆ ರೋಮ್‌ನಲ್ಲಿ ಮೂರು. ಊರಿಂದ ಊರಿಗೆ ರೈಲಿನಲ್ಲೇ ಹೋಗಬೇಕೆಂಬುದು ನಮ್ಮೆಲ್ಲರ ಆಸೆ.

ಟಿಕೆಟ್ ಮಾಡಿಸಿಕೊಡುವ ಇಲ್ಲಿನ ಏಜೆಂಟರೊಬ್ಬರನ್ನು ವಿಚಾರಿಸಿದಾಗ, ನಾಲ್ವರಿಗೂ ಯೂರೋಪಿನ ಹಲವು ದೇಶಗಳಲ್ಲಿ ನಡೆಯುವ ಯೂರೇಲ್ ಪಾಸ್ ತೆಗೆದುಕೊಂಡುಬಿಟ್ಟರೆ ಯಾವ ರೈಲನ್ನು ಬೇಕಾದರೂ ಹತ್ತಬಹುದು, ಬೇರೆ ಯೋಚನೆಯೇ ಬೇಡ ಎಂದರು. ಮಗ ಮಾತ್ರ ಒಂದೊಂದೇ ಟಿಕೆಟ್ಟನ್ನು ಮುಂಚಿತವಾಗಿ ಕೊಂಡರೆ ಅರ್ಧ ಹಣ ಉಳಿಯುತ್ತದೆ ಎನ್ನುತ್ತಾನೆ. ಮೂವತ್ತು ವರ್ಷ ಗಣಿತ ಪಾಠ ಮಾಡಿದ ನನಗೆ ಲೆಕ್ಕ ಹಾಕುವುದು ಕಷ್ಟವಲ್ಲ, ಆದರೆ ಲೆಕ್ಕಕ್ಕೆ ಯಾವ ಯಾವ ಅಂಶಗಳನ್ನು ಸೇರಿಸಬೇಕು ಎಂಬುದೇ ತಿಳಿಯುತ್ತಿಲ್ಲ. ಹೋಗಿಬಂದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಆಲ್ದೂರು ತೋಟ

ಮೇಷ್ಟ್ರೇ, ನಾನು ಮತ್ತು ನನ್ನ ಹೆಂಡತಿ ಕಳೆದ ಹನ್ನೆರಡು ವರ್ಷಗಳಲ್ಲಿ ನಾಲ್ಕು ಬಾರಿ ಯೂರೋಪಿಗೆ ಹೋಗಿದ್ದೇವೆ. ಕಾಫಿ ಕೊಯ್ಲು ಮುಗಿದು, ಹೂಮಳೆ ಬಿದ್ದು, ಮುಂಗಾರು ಹಿಡಿಯುವುದರೊಳಗೆ ಸಿಗುವ ಬಿಡುವಿನಲ್ಲಿಯೇ ನಮ್ಮಂಥವರು ಹೊರಡಬೇಕಾಗುವುದರಿಂದ ನಾಲ್ಕು ಬಾರಿಯೂ ಹೋದದ್ದು ಏಪ್ರಿಲ್ ಕೊನೆಗೋ ಮೇ ತಿಂಗಳಿಗೋ. ಎರಡು ಸಲ ಪಾಸ್ ಕೊಂಡಿದ್ದೇವೆ, ಎರಡು ಸಲ ಬಿಡಿ ಟಿಕೆಟ್. ಎರಡರಲ್ಲೂ ಒಮ್ಮೊಮ್ಮೆ ಲಾಭವಾಗಿದೆ, ಒಮ್ಮೊಮ್ಮೆ ಕೈ ಸುಟ್ಟಿದೆ. ಹಾಗಾಗಿ ಇದರಲ್ಲಿ ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲವೆಂದು ನನ್ನ ಅನುಭವ. ನೀವು ಹೋಗುವ ದೇಶದಲ್ಲಿ ರೈಲಿನ ದರ ಯಾವ ರೀತಿಯಲ್ಲಿ ನಿಗದಿಯಾಗುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಉಳಿದದ್ದು ತಾನಾಗಿ ತಿಳಿಯುತ್ತದೆ.

ಫ್ರಾನ್ಸ್, ಇಟಲಿ, ಸ್ಪೇನ್ ದೇಶಗಳ ವೇಗದ ರೈಲುಗಳಲ್ಲಿ ಟಿಕೆಟ್ ದರವು ವಿಮಾನದ ಟಿಕೆಟ್ಟಿನಂತೆ ಏರಿಳಿಯುತ್ತದೆ. ಎರಡು ಮೂರು ತಿಂಗಳು ಮುಂಚೆ ಕೊಂಡವನಿಗೆ ಒಂದು ದರ, ಹಿಂದಿನ ದಿನ ಕೊಂಡವನಿಗೆ ಅದರ ಎರಡು ಮೂರು ಪಟ್ಟು. ಜರ್ಮನಿಯ ಐಸಿಇ ಎಂಬ ವೇಗದ ರೈಲುಗಳಲ್ಲೂ ಅಗ್ಗದ ಟಿಕೆಟ್ಟುಗಳು ಹೀಗೆಯೇ ಬೇಗ ಖಾಲಿಯಾಗುತ್ತವೆ. ಅಗ್ಗದ ಟಿಕೆಟ್ ಕೊಂಡ ಮೇಲೆ ಅದೇ ದಿನ, ಅದೇ ಗಂಟೆಯ, ಅದೇ ರೈಲಿಗೇ ಹೋಗಬೇಕು. ಸ್ವಿಟ್ಜರ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಸಾಮಾನ್ಯ ಟಿಕೆಟ್ ದೂರಕ್ಕೆ ತಕ್ಕ ಸ್ಥಿರ ದರದ್ದು. ಇವತ್ತು ಕೊಂಡರೂ ಅಷ್ಟೇ, ಹತ್ತು ನಿಮಿಷ ಮುಂಚೆ ಸ್ಟೇಷನ್ನಿನಲ್ಲಿ ಕೊಂಡರೂ ಅಷ್ಟೇ, ಆ ದಿನದ ಯಾವ ರೈಲನ್ನಾದರೂ ಹತ್ತಬಹುದು. ಆದ್ದರಿಂದ ಸ್ವಿಟ್ಜರ್ಲೆಂಡಿನ ಲೆಕ್ಕವನ್ನೂ ಇಟಲಿಯ ಲೆಕ್ಕವನ್ನೂ ಒಂದೇ ಪುಟದಲ್ಲಿ ಬೆರೆಸಬೇಡಿ.

ನಮ್ಮ ತೋಟದ ಲೆಕ್ಕದಲ್ಲಿ ಹೇಳುವುದಾದರೆ, ಪಾಸ್ ಎಂಬುದು ದಿನಗೂಲಿ, ಬಿಡಿ ಟಿಕೆಟ್ ಎಂಬುದು ಕಿಲೋ ಲೆಕ್ಕದ ಕೂಲಿ. ಗಿಡದ ತುಂಬ ಹಣ್ಣಿರುವ ದಿನ ದಿನಗೂಲಿ ಕೊಟ್ಟರೆ ತೋಟದವನಿಗೆ ಗಿಟ್ಟುತ್ತದೆ. ಅಲ್ಲೊಂದು ಇಲ್ಲೊಂದು ಹಣ್ಣು ಉಳಿದ ದಿನ ಕಿಲೋ ಲೆಕ್ಕವೇ ಗಿಟ್ಟುತ್ತದೆ. ನಿಮ್ಮ ಪ್ರವಾಸದಲ್ಲಿ ಊರು ಬದಲಿಸುವ ದಿನಗಳು ಐದೇ ಐದು. ಯೂರೇಲ್ ಪಾಸಿನಲ್ಲಿ ವಯಸ್ಕರ ಎರಡನೇ ದರ್ಜೆಯ 4 ಪ್ರಯಾಣದ ದಿನಗಳದ್ದಕ್ಕೆ ಇತ್ತೀಚಿನ ವರ್ಷಗಳಲ್ಲಿ 280 ಯೂರೋ ಆಸುಪಾಸು ಇದೆ, ಅಂದರೆ ದಿನವೊಂದಕ್ಕೆ ಸುಮಾರು 70 ಯೂರೋ. 60 ದಾಟಿದವರಿಗೂ 27ರವರೆಗಿನ ಯುವಕರಿಗೂ ರಿಯಾಯಿತಿ ಇದೆ. ಈಗ ನಿಮ್ಮ ಐದು ಪ್ರಯಾಣಗಳನ್ನು ನೋಡಿ. ಪ್ಯಾರಿಸ್‌ನಿಂದ ಲೂಸರ್ನ್ ಮತ್ತು ಇಂಟರ್‌ಲಾಕೆನ್‌ನಿಂದ ವೆನಿಸ್ ಇವೆರಡು ಮಾತ್ರ ದೊಡ್ಡವು. ಉಳಿದ ಮೂರೂ ಎರಡು ಎರಡೂವರೆ ಗಂಟೆಯೊಳಗಿನ ಪ್ರಯಾಣಗಳು. ಎರಡು ಗಂಟೆಯ ಪ್ರಯಾಣಕ್ಕೆ 70 ಯೂರೋ ದಿನವೊಂದನ್ನು ಖರ್ಚು ಮಾಡುವುದು ನನಗೆ ಸರಿಕಾಣುವುದಿಲ್ಲ.

ಅಷ್ಟಕ್ಕೇ ಮುಗಿಯುವುದಿಲ್ಲ. ಪಾಸ್ ಇದ್ದರೆ ಯಾವ ರೈಲನ್ನು ಬೇಕಾದರೂ ಹತ್ತಬಹುದು ಎಂದು ನಿಮ್ಮ ಏಜೆಂಟರು ಹೇಳಿದ ಮಾತು ಫ್ರಾನ್ಸ್ ಮತ್ತು ಇಟಲಿಯ ವೇಗದ ರೈಲುಗಳ ಮಟ್ಟಿಗೆ ನಿಜವಲ್ಲ. ಅಲ್ಲಿ ಪಾಸ್ ಇದ್ದವರೂ ಸೀಟು ಕಾದಿರಿಸಲೇಬೇಕು, ಅದಕ್ಕೆ ಬೇರೆ ಹಣ ಕೊಡಬೇಕು. ಫ್ರಾನ್ಸಿನೊಳಗಿನ ಟಿಜಿವಿಗೆ 10ರಿಂದ 20 ಯೂರೋ, ಇಟಲಿಯ ಫ್ರೆಚಿಯಾರೊಸ್ಸಕ್ಕೆ 10 ಯೂರೋಗಿಂತ ಸ್ವಲ್ಪ ಹೆಚ್ಚು, ಪ್ಯಾರಿಸ್ ಮತ್ತು ಲಂಡನ್ ನಡುವಿನ ಯೂರೋಸ್ಟಾರ್‌ಗೆ ಇನ್ನೂ ಹೆಚ್ಚು. ನಾವು ಮೊದಲ ಸಲ ಪಾಸ್ ಕೊಂಡಾಗ ನಮಗೆ ಇದು ತಿಳಿದಿರಲಿಲ್ಲ. ಇಡೀ ರೈಲಿನಲ್ಲಿ ಸೀಟು ಖಾಲಿ ಇದ್ದರೂ ಪಾಸಿನವರಿಗೆಂದು ಮೀಸಲಿಟ್ಟ ಸೀಟುಗಳು ಮುಗಿದಿವೆ ಎಂದು ಪ್ಯಾರಿಸ್‌ನ ಕೌಂಟರಿನಲ್ಲಿ ಹೇಳಿದರು. ಕೈಯಲ್ಲಿ ದುಬಾರಿ ಪಾಸ್ ಇಟ್ಟುಕೊಂಡು ಪೂರ್ತಿ ದರದ ಟಿಕೆಟ್ ಕೊಂಡೆವು. ಆ ದಿನ ನನ್ನ ಹೆಂಡತಿ ಒಂದು ಮಾತನ್ನೂ ಆಡಲಿಲ್ಲ. ಆ ಮೌನ ನನಗೆ ಈಗಲೂ ನೆನಪಿದೆ.

ಆದರೆ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳ ಬಹುತೇಕ ಹಗಲು ರೈಲುಗಳಿಗೆ ಕಾದಿರಿಸುವಿಕೆ ಕಡ್ಡಾಯವಲ್ಲ. ಎರಡನೇ ಸಲ ನಾವು ಮ್ಯೂನಿಕ್, ಸಾಲ್ಜ್‌ಬರ್ಗ್, ವಿಯೆನ್ನಾ, ಇನ್ಸ್‌ಬ್ರುಕ್ ಕಡೆ ಹತ್ತು ದಿನ ಸುತ್ತಿದಾಗ ಪಾಸ್ ತನ್ನ ಬೆಲೆಯನ್ನು ಸಂಪೂರ್ಣವಾಗಿ ಕೊಟ್ಟಿತು. ಬೆಳಿಗ್ಗೆ ಎದ್ದು ಮಳೆ ಬಂದರೆ ಒಂದು ಕಡೆ, ಬಿಸಿಲಿದ್ದರೆ ಇನ್ನೊಂದು ಕಡೆ. ಪಾಸ್ ನಿಜವಾಗಿ ಮಾರುವ ವಸ್ತು ಈ ಸ್ವಾತಂತ್ರ್ಯವೇ: ನಿರ್ಧಾರವನ್ನು ಕೊನೆಯ ಗಳಿಗೆಯವರೆಗೆ ಮುಂದೂಡುವ ಹಕ್ಕು. ನೀವಾದರೋ 17 ರಾತ್ರಿಗಳ ಹೋಟೆಲನ್ನೂ ಮೊದಲೇ ಗೊತ್ತುಮಾಡುತ್ತೀರಿ. ಹೋಟೆಲ್ ಗೊತ್ತಾದ ಮೇಲೆ ರೈಲಿನ ದಿನ ಬದಲಾಗುವುದಿಲ್ಲ. ಬಳಸದ ಸ್ವಾತಂತ್ರ್ಯಕ್ಕೆ ಹಣ ಏಕೆ ಕೊಡಬೇಕು?

ಅರಸೀಕೆರೆ ಜಂಕ್ಷನ್

ತೋಟದವರ ಮಾತಿಗೆ ನನ್ನ ಸಹಮತ ಪೂರ್ತಿಯಾಗಿ ಇಲ್ಲ. ನಾನು ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಮ್ಮಲ್ಲೂ ವೃತ್ತ ಪ್ರಯಾಣದ ಟಿಕೆಟ್ ಇದೆ. ಹೊರಟ ಊರಿಗೇ ಮರಳುವಂತೆ ದಾರಿಯನ್ನು ಬರೆದುಕೊಟ್ಟರೆ, ನಡುವೆ ಎಂಟು ಕಡೆಯವರೆಗೆ ಇಳಿದು ಹತ್ತುವ ಅವಕಾಶದೊಂದಿಗೆ, ದೂರ ಹೆಚ್ಚಿದಂತೆ ಕಿಲೋಮೀಟರಿನ ದರ ಇಳಿಯುವ ಲೆಕ್ಕದಲ್ಲಿ ಒಂದೇ ಟಿಕೆಟ್ ಕೊಡುತ್ತಾರೆ. ಅದನ್ನು ಕೇಳಿ ಪಡೆಯುವವರು ಬಹಳ ಕಡಿಮೆ. ಪ್ರಯಾಣಿಕರು ಹಣ ಉಳಿಸುವುದಕ್ಕಿಂತ ಹೆಚ್ಚಾಗಿ ಗೊಂದಲ ತಪ್ಪಿಸಿಕೊಳ್ಳಲು ಬಯಸುತ್ತಾರೆ ಎಂಬುದನ್ನು ಕೌಂಟರಿನ ಒಳಗೆ ಕುಳಿತು ಕಂಡಿದ್ದೇನೆ. ಭಾಷೆ ಬಾರದ ದೇಶದಲ್ಲಿ, 78 ವರ್ಷದ ಹಿರಿಯರನ್ನು ಕರೆದುಕೊಂಡು ಹೋಗುವಾಗ, ಐದು ಬೇರೆ ಬೇರೆ ಕಂಪನಿಗಳ ಟಿಕೆಟ್ಟುಗಳನ್ನು ಮೊಬೈಲಿನಲ್ಲಿ ಹುಡುಕುತ್ತ ನಿಲ್ಲುವುದಕ್ಕಿಂತ ಒಂದು ಪಾಸ್ ಇರುವುದು ಮನಸ್ಸಿಗೆ ನೆಮ್ಮದಿ. ಆ ನೆಮ್ಮದಿಗೂ ಒಂದು ಬೆಲೆ ಹಾಕಿ ಲೆಕ್ಕ ಮಾಡಿ ಮೇಷ್ಟ್ರೇ.

ಆಲ್ದೂರು ತೋಟ

ನೆಮ್ಮದಿಯ ವಿಷಯ ನಾನೂ ಒಪ್ಪುತ್ತೇನೆ. ಆದರೆ ಈಗಿನ ಯೂರೇಲ್ ಪಾಸ್ ಕೂಡ ಮೊಬೈಲಿನಲ್ಲೇ ಇರುತ್ತದೆ. ಪ್ರಯಾಣದ ದಿನವನ್ನು ಆ್ಯಪಿನಲ್ಲಿ ಚಾಲೂ ಮಾಡಿ, ಹತ್ತುವ ಮುನ್ನ ಆ ರೈಲನ್ನು ಅದರಲ್ಲಿ ಸೇರಿಸಿ, ಟಿಕೆಟ್ ನೋಡಲು ಬಂದವರಿಗೆ ಕೋಡ್ ತೋರಿಸಬೇಕು. ಸೀಟಿನ ಕಾದಿರಿಸುವಿಕೆ ಬೇರೆಯೇ ಕಾಗದ. ನಾಲ್ಕು ಜನರಿಗೆ ನಾಲ್ಕು ಪಾಸ್, ಮೇಲೆ ಕಾದಿರಿಸಿದ ಸೀಟುಗಳು ಎಂದರೆ ಗೊಂದಲ ಕಡಿಮೆಯಾಗುವುದಿಲ್ಲ, ಒಂದು ಪದರ ಹೆಚ್ಚುತ್ತದೆ.

ಸಕಲೇಶಪುರ ಘಾಟಿ

ಯೂರೋಪಿನ ವಿಷಯದಲ್ಲಿ ನನಗೆ ಅನುಭವವಿಲ್ಲ, ಆದರೆ ಜಪಾನಿನ ಒಂದು ಉದಾಹರಣೆ ಈ ಚರ್ಚೆಗೆ ನೇರವಾಗಿ ಸಂಬಂಧಿಸಿದೆ. ನಾನು ನಗೋಯಾದಲ್ಲಿ ಕೆಲಸದ ಮೇಲೆ ಮೂರು ವರ್ಷ ಇದ್ದೆ. 2023ರ ಏಪ್ರಿಲ್‌ನಲ್ಲಿ ಅಪ್ಪ ಅಮ್ಮ ಬಂದಾಗ ಅವರಿಗೆ 7 ದಿನದ ಜಪಾನ್ ರೈಲ್ ಪಾಸ್ ಕೊಡಿಸಿದೆ. ಆಗ ಅದರ ಬೆಲೆ 29,650 ಯೆನ್. ಟೋಕಿಯೋದಿಂದ ಕ್ಯೋಟೋಗೆ ಹೋಗಿಬರುವ ಟಿಕೆಟ್ಟಿಗೇ ಸುಮಾರು 28,000 ಯೆನ್ ಆಗುತ್ತಿದ್ದುದರಿಂದ ಯೋಚಿಸುವ ಪ್ರಶ್ನೆಯೇ ಇರಲಿಲ್ಲ. ಹಿರೋಷಿಮಾ ಪ್ರಯಾಣವೂ ಮಿಯಾಜಿಮಾ ದ್ವೀಪಕ್ಕೆ ಹೋಗುವ ಜೆಆರ್ ಎಂಬ ಜಪಾನ್ ರೈಲ್ವೆಯ ದೋಣಿಯೂ ಬಹುಮಟ್ಟಿಗೆ ಉಚಿತವಾದಂತೆ ಆಯಿತು. ಆ ಕಾಲದಲ್ಲಿ ಜಪಾನಿಗೆ ಹೋಗುವವರಿಗೆ ಎಲ್ಲರೂ ಪಾಸ್ ಕೊಳ್ಳಿ ಎಂದೇ ಹೇಳುತ್ತಿದ್ದರು, ಹೇಳಿದ್ದು ಸರಿಯೂ ಆಗಿತ್ತು.

2023ರ ಅಕ್ಟೋಬರ್ 1ರಂದು ಆ 7 ದಿನದ ಪಾಸಿನ ಬೆಲೆ ಒಮ್ಮೆಗೇ 50,000 ಯೆನ್ ಆಯಿತು. 14 ದಿನದ್ದು 47,250ರಿಂದ 80,000ಕ್ಕೂ, 21 ದಿನದ್ದು 60,450ರಿಂದ 1,00,000ಕ್ಕೂ ಏರಿತು. ಮರುವರ್ಷ ಸೋದರಮಾವ ಬಂದಾಗ ಅದೇ ದಾರಿಯನ್ನು, ಅಂದರೆ ಟೋಕಿಯೋ, ಕ್ಯೋಟೋ, ಹಿರೋಷಿಮಾ, ಮರಳಿ ಟೋಕಿಯೋ, ಮತ್ತೆ ಲೆಕ್ಕ ಹಾಕಿದೆವು. ಬಿಡಿ ಟಿಕೆಟ್ಟುಗಳ ಮೊತ್ತ ಸುಮಾರು 45,000 ಯೆನ್‌ಗೆ ನಿಂತಿತು. ಬಿಡಿ ಟಿಕೆಟ್ಟಿನಲ್ಲಿ ನೋಝೋಮಿ ಎಂಬ ಅತಿ ವೇಗದ ರೈಲನ್ನೂ ಹತ್ತಬಹುದಿತ್ತು. ಪಾಸಿನವರು ಅದಕ್ಕೆ ಮೇಲೆ ಹಣ ಕೊಡಬೇಕು. ಹೀಗೆ 2023ರ ಏಪ್ರಿಲ್‌ನಲ್ಲಿ ಸರಿಯಾಗಿದ್ದ ಸಲಹೆ ಆರು ತಿಂಗಳಲ್ಲಿ ತಪ್ಪಾಯಿತು. ಹಳೆಯ ಬರಹಗಳನ್ನು ಓದಿ ಪಾಸ್ ಕೊಳ್ಳುವವರನ್ನು ಇವತ್ತಿಗೂ ನೋಡುತ್ತೇನೆ. ಆದ್ದರಿಂದ ಮೇಷ್ಟ್ರೇ, ಇಲ್ಲಿ ಯಾರು ಯಾವ ದರ ಬರೆದಿದ್ದರೂ ಕೊಳ್ಳುವ ದಿನ ಆಯಾ ರೈಲ್ವೆಯ ಸ್ವಂತ ತಾಣದಲ್ಲಿ ಮತ್ತೊಮ್ಮೆ ನೋಡಿ.

ಜಪಾನಿನ ದರವೂ ಬಹುಮಟ್ಟಿಗೆ ಸ್ಥಿರ ದರವೇ. ಕೊನೆಯ ದಿನ ಕೊಂಡರೂ ದುಪ್ಪಟ್ಟಾಗುವುದಿಲ್ಲ. ಹಾಗಾಗಿ ಅಲ್ಲಿ ಬಿಡಿ ಟಿಕೆಟ್ ಎಂದರೆ ಸ್ವಾತಂತ್ರ್ಯ ಕಳೆದುಕೊಂಡಂತೆ ಅಲ್ಲ. ಪ್ರವಾಸಿಗಳಾಗಿ ಅಲ್ಪಾವಧಿಗೆ ಬಂದವರಿಗೆ ಮಾತ್ರ ಆ ಪಾಸ್ ಸಿಗುತ್ತದೆ ಎಂಬುದನ್ನೂ, ಸುರಂಗ ರೈಲುಗಳಿಗೂ ಖಾಸಗಿ ರೈಲುಗಳಿಗೂ ಅದು ನಡೆಯುವುದಿಲ್ಲ ಎಂಬುದನ್ನೂ ಮರೆಯಬಾರದು. ಇನ್ನೊಂದು ಮಾತು: ಟೋಕಿಯೋದಿಂದ ಕ್ಯೋಟೋಗೆ ಹೋಗುವವರು ಬಲಗಡೆಯ ಕಿಟಕಿಯಾದ ಇ ಸೀಟನ್ನು ಕೇಳಿ ಪಡೆಯಿರಿ. ಅಮ್ಮ ಆ ಸೀಟಿನಲ್ಲಿ ಕುಳಿತು, ಮೋಡ ಸರಿದು ಫೂಜಿ ಪರ್ವತ ಕಂಡ ಕ್ಷಣದಲ್ಲಿ ತಟ್ಟನೆ ಕೈಮುಗಿದರು.

ಬೇಲೂರು ರಸ್ತೆ

ಲಂಡನ್ನಿನಿಂದ ಎಡಿನ್‌ಬರೊಗೆ ಒಂದೇ ಒಂದು ಸಲ ಹೋಗಿಬರುವವರಿಗೆ ಏನು ಹೇಳುತ್ತೀರಿ?

ಆಲ್ದೂರು ತೋಟ

ಪಾಸ್ ಬೇಡವೇ ಬೇಡ. ಮುಂಗಡ ಟಿಕೆಟ್ ಕೊಳ್ಳಿ. ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ ಅಲ್ಲಿನ ಜೋಡಿ ರೈಲ್‌ಕಾರ್ಡ್ ವಿಚಾರಿಸಿ. ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ ಇಳಿಯುತ್ತದೆ.

ಕಡೂರಿನ ತಾಯಿ

ನನ್ನ ಮಗಳು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಇರುವುದರಿಂದ 2024ರ ಬೇಸಿಗೆಯಲ್ಲಿ ಎರಡು ತಿಂಗಳು ಅಲ್ಲಿದ್ದೆ. ಪ್ರವಾಸಿಗಳ ಪಾಸಿನ ಬಗ್ಗೆ ಮಾತ್ರ ಎಲ್ಲರೂ ಬರೆಯುತ್ತಿದ್ದೀರಿ, ಅಲ್ಲಿಯ ಜನ ಬಳಸುವ ಪಾಸಿನ ಬಗ್ಗೆಯೂ ತಿಳಿದಿರಲಿ. ಜರ್ಮನಿಯಲ್ಲಿ 2023ರ ಮೇ 1ರಿಂದ ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸ್ ಇದೆ. ಮೊದಲು 49 ಯೂರೋ ಇತ್ತು, 2025ರ ಜನವರಿಯಿಂದ 58 ಆಯಿತು, 2026ರ ಜನವರಿಯಿಂದ 63 ಆಗಿದೆ. ಇಡೀ ದೇಶದ ಪ್ರಾದೇಶಿಕ ರೈಲು, ಊರಿನ ಬಸ್ಸು, ಟ್ರಾಮ್, ಮೆಟ್ರೊ ಎಲ್ಲಕ್ಕೂ ಅದೊಂದೇ ಸಾಕು. ನಾನು ಅದೇ ಟಿಕೆಟ್ಟಿನಲ್ಲಿ ಉಲ್ಮ್‌ಗೆ ಹೋಗಿ ಅಲ್ಲಿಯ ಎತ್ತರದ ಚರ್ಚಿನ ಮುಂದೆ ಕುಳಿತು ಬಂದೆ, ಹೈಡಲ್‌ಬರ್ಗ್‌ಗೆ ಎರಡು ಸಲ ಹೋದೆ, ತರಕಾರಿ ಸಂತೆಗೂ ಅದೇ ಟಿಕೆಟ್ಟಿನಲ್ಲಿ ಹೋದೆ.

ಐಸಿಇ, ಐಸಿ ಎಂಬ ದೂರದ ರೈಲುಗಳಿಗೆ ಅದು ನಡೆಯುವುದಿಲ್ಲ. ಒಂದು ಸಂಜೆ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ ಬಿಳಿ ರೈಲನ್ನು, ಅದೂ ಸ್ಟುಟ್‌ಗಾರ್ಟ್ ಕಡೆಗೇ ಹೋಗುತ್ತದಲ್ಲ ಎಂದು ಹತ್ತಿಬಿಟ್ಟೆ. ಟಿಕೆಟ್ ನೋಡಿದ ಹೆಣ್ಣುಮಗಳು ಸೌಮ್ಯವಾಗಿಯೇ ಹೇಳಿ, ಆ ಪ್ರಯಾಣಕ್ಕೆ ಬೇರೆ ಟಿಕೆಟ್ ಮಾಡಿಸಿದಳು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಾಯಿತು. ಅದು ಪ್ರತಿ ತಿಂಗಳು ತಾನಾಗಿ ಮುಂದುವರಿಯುವ ಚಂದಾ, ಬೇಡವೆಂದಾದರೆ ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು. ನಾವು ಮರೆತೆವು, ನಾನು ಕಡೂರಿಗೆ ಬಂದು ಸೇರಿದ ಮೇಲೂ ಒಂದು ತಿಂಗಳ ಹಣ ಹೋಯಿತು. ಮಕ್ಕಳ ಮನೆಗೆ ಹೋಗಿ ತಿಂಗಳುಗಟ್ಟಲೆ ಇರುವ ನನ್ನಂಥ ತಾಯಂದಿರಿಗೆ ಯೂರೇಲ್ ಪಾಸಿಗಿಂತ ಇದೇ ಮೇಲು. ಮೇಷ್ಟ್ರ ಪ್ರವಾಸಕ್ಕೆ ಮಾತ್ರ ಇದು ಉಪಯೋಗವಿಲ್ಲ.

ಮಲ್ಲಂದೂರು ರಸ್ತೆ, ಚಿಕ್ಕಮಗಳೂರು

ಮೇಷ್ಟ್ರೇ, ನಿಮ್ಮ ಪ್ರವಾಸದಲ್ಲಿ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ಭಾಗ ಸ್ವಿಟ್ಜರ್ಲೆಂಡಿನ ಆರು ದಿನಗಳು. ಏಕೆಂದರೆ ಫ್ರಾನ್ಸ್ ಮತ್ತು ಇಟಲಿಯಲ್ಲಿ ನೀವು ರೈಲು ಹತ್ತುವುದು ಊರು ಬದಲಿಸಲು; ಸ್ವಿಟ್ಜರ್ಲೆಂಡಿನಲ್ಲಿ ರೈಲು, ದೋಣಿ, ಹಗ್ಗದ ತೊಟ್ಟಿಲು (ಕೇಬಲ್ ಕಾರ್) ಇವುಗಳನ್ನು ಹತ್ತುವುದೇ ಪ್ರವಾಸ. ನಾವು 2024ರ ಜೂನ್‌ನಲ್ಲಿ ಹನ್ನೊಂದು ವರ್ಷದ ಮಗನೊಂದಿಗೆ ಇದೇ ಲೂಸರ್ನ್ ಮತ್ತು ಇಂಟರ್‌ಲಾಕೆನ್‌ನಲ್ಲಿ ಉಳಿದಿದ್ದೆವು. ಹೊರಡುವ ಮುನ್ನ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರತಿದಿನದ ಪ್ರಯಾಣವನ್ನು ಬರೆದು ಅದರ ಪಕ್ಕ ಪೂರ್ತಿ ದರವನ್ನು ಬರೆದುಕೊಂಡೆ.

ಅಲ್ಲಿ ಪ್ರವಾಸಿಗಳ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು ಸ್ವಿಸ್ ಟ್ರಾವೆಲ್ ಪಾಸ್. ಇದರಲ್ಲಿ ರೈಲು, ಬಸ್ಸು, ಸರೋವರದ ದೋಣಿ, ಊರೊಳಗಿನ ಟ್ರಾಮ್ ಎಲ್ಲವೂ ಸೇರುತ್ತವೆ; 500ರಷ್ಟು ವಸ್ತುಸಂಗ್ರಹಾಲಯಗಳ ಪ್ರವೇಶವೂ ಸೇರುತ್ತದೆ. ಇನ್ನೊಂದು ಸ್ವಿಸ್ ಹಾಫ್ ಫೇರ್ ಕಾರ್ಡ್. ಒಂದು ತಿಂಗಳ ಕಾಲ ಬಹುತೇಕ ಎಲ್ಲ ಟಿಕೆಟ್ಟುಗಳನ್ನೂ ಅರ್ಧ ದರಕ್ಕೆ ಕೊಡುವುದಷ್ಟೇ ಇದರ ಕೆಲಸ. ನಾವು ಹೋದ 2024ರಲ್ಲಿ 6 ದಿನದ ಟ್ರಾವೆಲ್ ಪಾಸಿಗೆ ಎರಡನೇ ದರ್ಜೆಯಲ್ಲಿ 379 ಫ್ರಾಂಕ್, ಹಾಫ್ ಫೇರ್ ಕಾರ್ಡಿಗೆ 120 ಫ್ರಾಂಕ್. ವ್ಯತ್ಯಾಸ 259. ಅಂದರೆ ಅರ್ಧ ದರದ ಟಿಕೆಟ್ಟುಗಳಿಗೆ 259 ಫ್ರಾಂಕ್‌ಗಿಂತ ಕಡಿಮೆ ಖರ್ಚಾಗುವುದಾದರೆ, ಇನ್ನೊಂದು ಬಗೆಯಲ್ಲಿ ಹೇಳುವುದಾದರೆ ಆರು ದಿನದ ಪೂರ್ತಿ ದರಗಳ ಮೊತ್ತ 518 ದಾಟದಿದ್ದರೆ, ಹಾಫ್ ಫೇರ್ ಕಾರ್ಡೇ ಲಾಭ. ದರ ಬದಲಾದರೂ ಈ ಸೂತ್ರ ಬದಲಾಗುವುದಿಲ್ಲ. ಹೊಸ ಸಂಖ್ಯೆಗಳನ್ನು ಹಾಕಿಕೊಳ್ಳಿ.

ಆದರೆ ಈ ಸೂತ್ರದಲ್ಲಿ ಒಂದು ಸೂಕ್ಷ್ಮವಿದೆ, ನಾನು ಅದನ್ನು ಕಂಡುಕೊಳ್ಳಲು ಎರಡು ಸಂಜೆ ಬೇಕಾದವು. ಬೆಟ್ಟಗಳ ರೈಲುಗಳಲ್ಲಿ ಎರಡು ಕಾರ್ಡುಗಳೂ ಒಂದೇ ರೀತಿ ನಡೆಯುವುದಿಲ್ಲ. ಲೂಸರ್ನ್ ಪಕ್ಕದ ರಿಗಿ ಬೆಟ್ಟಕ್ಕೆ ಟ್ರಾವೆಲ್ ಪಾಸ್ ಇದ್ದರೆ ಬೇರೆ ಟಿಕೆಟ್ಟೇ ಬೇಡ, ದೋಣಿಯಲ್ಲಿ ಹೋಗಿ ಹಲ್ಲುಗಾಲಿಯ ರೈಲು ಹತ್ತಿ ತುದಿಯವರೆಗೂ ಹೋಗಬಹುದು. ಅದೇ 3,454 ಮೀಟರ್ ಎತ್ತರದ ಯುಂಗ್‌ಫ್ರಾಯೋಕ್ ಸ್ಟೇಷನ್ನಿಗೆ ಹೋಗುವಾಗ ಟ್ರಾವೆಲ್ ಪಾಸ್ ಗ್ರಿಂಡೆಲ್‌ವಾಲ್ಡ್ ಅಥವಾ ವೆಂಗೆನ್‌ವರೆಗೆ ಮಾತ್ರ ಪೂರ್ತಿ ನಡೆಯುತ್ತದೆ, ಅಲ್ಲಿಂದ ಮೇಲಕ್ಕೆ ಶೇಕಡ 25 ಮಾತ್ರ ರಿಯಾಯಿತಿ. ಹಾಫ್ ಫೇರ್ ಕಾರ್ಡಿನವರಿಗೆ ತುದಿಯವರೆಗೂ ಅರ್ಧ. ಆ ಒಂದು ದಿನದ ಟಿಕೆಟ್ಟೇ ಬಹಳ ದುಬಾರಿಯಾದುದರಿಂದ ಇಡೀ ಲೆಕ್ಕ ಆ ಒಂದು ಬೆಟ್ಟದ ಮೇಲೆ ತಿರುಗಿಬಿಡುತ್ತದೆ. ಯೂರೇಲ್ ಪಾಸ್ ಇದ್ದವರಿಗಂತೂ ಈ ಬೆಟ್ಟದ ದಾರಿಯಲ್ಲಿ ಇಂಟರ್‌ಲಾಕೆನ್‌ನಿಂದ ಲೌಟರ್‌ಬ್ರುನ್ನೆನ್ ಕಡೆಗೆ ಹೋಗುವ ಮೊದಲ ಸಣ್ಣ ರೈಲಿನಿಂದಲೇ ರಿಯಾಯಿತಿ ಮಾತ್ರ.

ನಾವು ಯುಂಗ್‌ಫ್ರಾಯೋಕ್‌ಗೆ ಹೋಗುವವರಿದ್ದುದರಿಂದ ಹಾಫ್ ಫೇರ್ ಕಾರ್ಡನ್ನೇ ಕೊಂಡೆವು. 6ರಿಂದ 15 ವರ್ಷದ ಮಕ್ಕಳಿಗೆ ತಂದೆ ಅಥವಾ ತಾಯಿಯ ಜೊತೆಗಿದ್ದರೆ ಫ್ಯಾಮಿಲಿ ಕಾರ್ಡ್ ಉಚಿತವಾಗಿ ಸಿಗುವುದರಿಂದ ಮಗನಿಗೆ ಖರ್ಚೇ ಬರಲಿಲ್ಲ. ಎರಡು ದಿನ ಮಳೆ ಹಿಡಿದುಕೊಂಡು ಕೊಠಡಿಯಲ್ಲೇ ಇದ್ದೆವು. ಪಾಸ್ ಕೊಂಡಿದ್ದರೆ ಆ ಎರಡು ದಿನಗಳ ಹಣ ಮಳೆಯಲ್ಲಿ ಹೋಗುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಐದೂವರೆಗೆ ಕಿಟಕಿ ತೆರೆದರೆ ಹಿಮದ ಮೇಲೆ ತಿಳಿಬಿಸಿಲು ಬಿದ್ದಿತ್ತು. ಅರ್ಧ ಗಂಟೆಯಲ್ಲಿ ಸ್ಟೇಷನ್ನಿಗೆ ಹೋಗಿ ಟಿಕೆಟ್ ಕೊಂಡು ಹೊರಟೆವು. ಸ್ಥಿರ ದರದ ದೇಶದಲ್ಲಿ ಆ ಸ್ವಾತಂತ್ರ್ಯಕ್ಕೆ ಬೇರೆ ಬೆಲೆ ಕೊಡಬೇಕಾಗಿಲ್ಲ ಎಂಬುದು ಆ ಬೆಳಿಗ್ಗೆ ನನಗೆ ಮನದಟ್ಟಾಯಿತು.

ಸ್ಟೇಷನ್ನುಗಳಲ್ಲಿ ಹಳದಿ ಹಾಳೆ ಹೊರಡುವ ರೈಲುಗಳದ್ದು, ಬಿಳಿ ಹಾಳೆ ಬರುವ ರೈಲುಗಳದ್ದು. ನಮ್ಮ ಮಗನಿಗೆ ಇದನ್ನು ಹೇಳಿಕೊಟ್ಟ ಮೇಲೆ ಪ್ಲಾಟ್‌ಫಾರ್ಮ್ ಹುಡುಕುವ ಕೆಲಸ ಅವನದೇ ಆಯಿತು. ಅಲ್ಲಿಯ ಗಡಿಯಾರದ ಕೆಂಪು ಸೆಕೆಂಡ್ ಮುಳ್ಳು ಪ್ರತಿ ನಿಮಿಷದ ಕೊನೆಗೆ ಮೇಲೆ ಬಂದು ಒಂದು ಕ್ಷಣ ನಿಂತು, ನಿಮಿಷದ ಮುಳ್ಳು ಜಿಗಿದ ಮೇಲೆಯೇ ಮುಂದೆ ಹೋಗುತ್ತದೆ. ಅವನು ಅದನ್ನೇ ನೋಡುತ್ತ ನಿಂತು ಒಂದು ರೈಲು ತಪ್ಪಿತು, ಮುಂದಿನದು ಅರ್ಧ ಗಂಟೆಯಲ್ಲಿ ಬಂತು, ಅದೇ ಟಿಕೆಟ್ಟಿನಲ್ಲಿ ಹೋದೆವು.

ಹಾಸನದ ಮೇಷ್ಟ್ರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ನಾನು ಋಣಿ. ನಿನ್ನೆ ರಾತ್ರಿ ಮಗನೂ ನಾನೂ ಕುಳಿತು ಲೆಕ್ಕ ಹಾಕಿದೆವು. ನನಗೆ ಈಗ ಎರಡು ಸಂದೇಹಗಳು ಉಳಿದಿವೆ. ಮೊದಲನೆಯದು, ಎಲ್ಲರೂ ಒಂದೇ ರೀತಿಯ ಕಾರ್ಡ್ ಕೊಳ್ಳಬೇಕೆಂಬ ನಿಯಮವೇನಾದರೂ ಇದೆಯೇ? ಏಕೆಂದರೆ ತಾಯಿಯವರಿಗೆ ಅಷ್ಟು ಎತ್ತರದ ಯುಂಗ್‌ಫ್ರಾಯೋಕ್ ಬೇಡವೆಂದು ವೈದ್ಯರು ಹೇಳಿದ್ದಾರೆ. ಅವರು ಪ್ರತಿದಿನ ದೋಣಿಯಲ್ಲಿ ಕುಳಿತಿರಲು ಇಷ್ಟಪಡುತ್ತಾರೆ, ರಿಗಿಗೂ ಬರುತ್ತಾರೆ. ಎರಡನೆಯದು, ಪ್ಯಾರಿಸ್ ಮತ್ತು ಇಟಲಿಯ ಟಿಕೆಟ್ಟುಗಳನ್ನು ಬೇಗ ಕೊಂಡಷ್ಟೂ ಅಗ್ಗ ಎನ್ನುತ್ತೀರಿ, ಆದರೆ ವೀಸಾ ಇನ್ನೂ ಬಂದಿಲ್ಲ.

ಮಲ್ಲಂದೂರು ರಸ್ತೆ, ಚಿಕ್ಕಮಗಳೂರು

ಅಂಥ ನಿಯಮವಿಲ್ಲ. ತಾಯಿಯವರ ದಿನಚರಿಗೆ ಟ್ರಾವೆಲ್ ಪಾಸ್, ನಿಮ್ಮ ಮೂವರಿಗೆ ಹಾಫ್ ಫೇರ್ ಕಾರ್ಡ್ ಹೊಂದುವಂತೆ ಕಾಣುತ್ತದೆ. ದಿನವೂ ದೋಣಿ, ರೈಲು, ಬಸ್ಸು, ಮೇಲೆ ರಿಗಿ ಎಂದರೆ ಪೂರ್ತಿ ದರಗಳ ಮೊತ್ತ ಬೇಗ ಏರುತ್ತದೆ. ಅದಕ್ಕಿಂತ ಹೆಚ್ಚಾಗಿ, ಅವರು ಮಂಡಿ ನೋವೆಂದು ಒಂದು ನಿಲ್ದಾಣ ಮುಂಚೆಯೇ ಇಳಿದರೂ ಮತ್ತೆ ಹತ್ತಿದರೂ ಟಿಕೆಟ್ಟಿನ ಯೋಚನೆ ಇರುವುದಿಲ್ಲ. ಮಗನಿಗೆ 25 ತುಂಬಿಲ್ಲವಾದ್ದರಿಂದ ಟ್ರಾವೆಲ್ ಪಾಸಿನಲ್ಲಿ ಯುವಜನರ ರಿಯಾಯಿತಿ ಸಿಗುತ್ತದೆ. ಅವನದನ್ನು ಎರಡೂ ರೀತಿಯಲ್ಲಿ ಹಾಕಿ ನೋಡಿ.

ಆಲ್ದೂರು ತೋಟ

ವೀಸಾ ಕೈಗೆ ಬರುವ ಮುನ್ನ ಹಣ ವಾಪಸಾಗದ ಒಂದು ಟಿಕೆಟ್ಟನ್ನೂ ಕೊಳ್ಳಬೇಡಿ ಎಂದು ನಾನು ಕಟ್ಟುನಿಟ್ಟಾಗಿ ಹೇಳುತ್ತೇನೆ. ಈ ಮೂರೂ ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು. ಆದ್ದರಿಂದ ಟಿಕೆಟ್ಟನ್ನು ಅವಸರಿಸುವ ಬದಲು ವೀಸಾವನ್ನು ಬೇಗ ಮುಗಿಸಿಕೊಳ್ಳಿ. ಅರ್ಜಿಯ ಜೊತೆಗೆ ಯಾವ ದಿನ ಯಾವ ಊರು ಎಂಬ ಪಟ್ಟಿಯನ್ನು ಸ್ಪಷ್ಟವಾಗಿ ಕೊಡಿ. ವೀಸಾ ಬಂದ ದಿನ ಸಂಜೆ ಮೊದಲು ಪ್ಯಾರಿಸ್ ರೈಲನ್ನು ಕೊಳ್ಳಿ, ಏಕೆಂದರೆ ಅದರ ದರವೇ ಬೇಗ ಏರುವುದು. ಇಟಲಿಯಲ್ಲಿ 2012ರಿಂದ ಸರ್ಕಾರಿ ರೈಲಿನ ಜೊತೆಗೆ ಇಟಾಲೊ ಎಂಬ ಖಾಸಗಿ ಕಂಪನಿಯ ರೈಲುಗಳೂ ಅದೇ ಹಳಿಗಳ ಮೇಲೆ ಓಡುತ್ತವೆ. ಪೈಪೋಟಿ ಇರುವುದರಿಂದ ಅಲ್ಲಿ ಒಂದೆರಡು ವಾರ ತಡವಾದರೂ ಒಳ್ಳೆಯ ದರ ಸಿಗುತ್ತದೆ.

ಇಂಟರ್‌ಲಾಕೆನ್‌ನಿಂದ ವೆನಿಸ್‌ಗೆ ಹೋಗುವಾಗ ಸ್ಪೀಟ್ಸ್‌ನಲ್ಲಿಯೂ ಮಿಲಾನ್‌ನಲ್ಲಿಯೂ ರೈಲು ಬದಲಿಸಬೇಕು. ಮಿಲಾನ್‌ನಲ್ಲಿ ಎರಡು ಗಂಟೆಯ ಅಂತರ ಇಟ್ಟುಕೊಳ್ಳಿ. ಬೇರೆ ಬೇರೆಯಾಗಿ ಕೊಂಡ ಟಿಕೆಟ್ಟುಗಳಲ್ಲಿ ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯ ಕಂಪನಿ ಹೊಣೆ ಹೊರುವುದಿಲ್ಲ. ನಾವು ಬಿಡಿ ಟಿಕೆಟ್ಟಿನಲ್ಲಿ ಕೈ ಸುಟ್ಟುಕೊಂಡದ್ದು ಹೀಗೆಯೇ: ಬೆಂಗಳೂರಿನಿಂದ ಹೊರಟ ವಿಮಾನ ನಾಲ್ಕು ಗಂಟೆ ತಡವಾಗಿ ಇಳಿದು, ಅದೇ ಮಧ್ಯಾಹ್ನಕ್ಕೆ ಕೊಂಡಿದ್ದ ಅಗ್ಗದ ಟಿಕೆಟ್ಟುಗಳು ನಿರುಪಯುಕ್ತವಾದವು. ವಿಮಾನ ಇಳಿಯುವ ದಿನಕ್ಕೆ ಯಾವತ್ತೂ ಆ ರೈಲಿಗೇ ಕಟ್ಟಿಬಿದ್ದ ಟಿಕೆಟ್ ಕೊಳ್ಳಬಾರದು. ನಿಮಗೆ ಆ ತೊಂದರೆ ಇಲ್ಲ, ನೀವು ಪ್ಯಾರಿಸ್‌ನಲ್ಲಿ ನಾಲ್ಕು ರಾತ್ರಿ ಇರುತ್ತೀರಿ. ರೈಲೇ ಒಂದು ಗಂಟೆ ತಡವಾದರೆ ಟಿಕೆಟ್ ಬೆಲೆಯ ಶೇಕಡ 25, ಎರಡು ಗಂಟೆ ತಡವಾದರೆ ಶೇಕಡ 50 ಪರಿಹಾರ ಕೊಡಬೇಕೆಂದು ಯೂರೋಪಿಯನ್ ಒಕ್ಕೂಟದ ನಿಯಮವಿದೆ. ಟಿಕೆಟ್ಟುಗಳನ್ನು ಅಳಿಸದೆ ಇಟ್ಟುಕೊಳ್ಳಿ.

ಅರಸೀಕೆರೆ ಜಂಕ್ಷನ್

ತಾಯಿಯವರಿಗೆ ಪಾಸ್, ಉಳಿದವರಿಗೆ ಅರ್ಧ ದರದ ಕಾರ್ಡ್ ಎಂಬ ಏರ್ಪಾಡು ನನಗೂ ಒಪ್ಪಿಗೆಯಾಯಿತು. ನೆಮ್ಮದಿ ಬೇಕಾದವರಿಗೆ ನೆಮ್ಮದಿ ಸಿಕ್ಕಿತು. ಇಟಲಿಯಲ್ಲಿ ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ ಕೊಂಡರೆ ಹತ್ತುವ ಮುನ್ನ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಅದಕ್ಕೆ ಮುದ್ರೆ ಒತ್ತಿಸಬೇಕೆಂದು ನನ್ನ ಮಗ ಹೇಳುತ್ತಿದ್ದ. ಮರೆತರೆ ದಂಡ ಬೀಳುತ್ತದೆ.

ಹಾಸನದ ಮೇಷ್ಟ್ರು

ಮನೆಯಲ್ಲಿ ಎಲ್ಲರೂ ಒಪ್ಪಿದ ಏರ್ಪಾಡನ್ನು ಬರೆಯುತ್ತೇನೆ. ಯೂರೇಲ್ ಬೇಡ. ಪ್ಯಾರಿಸ್‌ನಿಂದ ಸ್ವಿಟ್ಜರ್ಲೆಂಡಿನ ಗಡಿಯ ಊರಾದ ಬಾಸೆಲ್‌ವರೆಗೆ ಟಿಜಿವಿ ಲಿರಿಯಾ ಎಂಬ ವೇಗದ ರೈಲಿನ ಟಿಕೆಟ್ಟನ್ನು ವೀಸಾ ಬಂದ ಕೂಡಲೇ ಕೊಳ್ಳುತ್ತೇವೆ. ಬಾಸೆಲ್‌ನಿಂದ ತಾಯಿಯವರ ಪಾಸ್ ಶುರುವಾಗುತ್ತದೆ, ನಮ್ಮ ಮೂವರಿಗೆ ಅರ್ಧ ದರದ ಕಾರ್ಡ್. ಮಗನ ಯುವಜನರ ಪಾಸಿನ ಲೆಕ್ಕವನ್ನೂ ಹಾಕಿ ನೋಡಿದೆವು, ಯುಂಗ್‌ಫ್ರಾಯೋಕ್ ಸೇರಿಸಿದಾಗ ಕಾರ್ಡೇ ಕಡಿಮೆಯಾಯಿತು. ಇಟಲಿಯ ಮೂರು ಪ್ರಯಾಣಗಳಿಗೆ ಬಿಡಿ ಟಿಕೆಟ್. ವೀಸಾ ಅರ್ಜಿಗೆ ಮುಂದಿನ ಬುಧವಾರ ಬೆಂಗಳೂರಿಗೆ ಹೋಗುತ್ತಿದ್ದೇವೆ.

ಒಂದೇ ಒಂದು ಗೊಂದಲ: ಮಗ ತೋರಿಸಿದ ಟಿಕೆಟ್ಟಿನಲ್ಲಿ ರೈಲು ಲಿಯೋಂನಿಂದ ಹೊರಡುತ್ತದೆಂದು ಬರೆದಿದೆ. ಲಿಯೋಂ ಬೇರೆಯೇ ಊರಲ್ಲವೇ?

ಆಲ್ದೂರು ತೋಟ

ಗಾಬರಿ ಬೇಡ ಮೇಷ್ಟ್ರೇ, ಅದು ಪ್ಯಾರಿಸ್ಸಿನದೇ ಸ್ಟೇಷನ್. ಹೆಸರು ಗಾರ್ ದ ಲಿಯೋಂ. ಪ್ಯಾರಿಸ್ಸಿನಲ್ಲಿ ದಿಕ್ಕಿಗೊಂದು ದೊಡ್ಡ ಸ್ಟೇಷನ್ ಇದೆ, ಸ್ವಿಟ್ಜರ್ಲೆಂಡಿನ ಕಡೆಗೆ ಹೋಗುವ ಲಿರಿಯಾ ಹೊರಡುವುದು ಅಲ್ಲಿಂದ. ಪ್ಲಾಟ್‌ಫಾರ್ಮಿನ ಸಂಖ್ಯೆಯನ್ನು ಹೊರಡಲು ಸುಮಾರು 20 ನಿಮಿಷ ಇರುವಾಗಷ್ಟೇ ಫಲಕದಲ್ಲಿ ಹಾಕುತ್ತಾರೆ, ಹಾಕಿದ ಕೂಡಲೇ ಜನ ಓಡುತ್ತಾರೆ. ನಿಮ್ಮ ಬೋಗಿ ರೈಲಿನ ಆ ತುದಿಯಲ್ಲಿದ್ದರೆ ನಡೆಯಬೇಕಾದ ದೂರ ಹೆಚ್ಚು. ಮಗನನ್ನು ಪೆಟ್ಟಿಗೆಗಳ ಜೊತೆ ಮುಂದೆ ಕಳುಹಿಸಿ, ತಾಯಿಯವರನ್ನು ನೀವು ನಿಧಾನವಾಗಿ ಕರೆದುಕೊಂಡು ಬನ್ನಿ. ಸೀಟು ಕಾದಿರಿಸಿರುವುದರಿಂದ ಅದು ನಿಮಗಾಗಿ ಕಾದೇ ಇರುತ್ತದೆ.